ಕಟ್ಟಿಸಿಕೊಂಡ ದನಿ

ನಮ್ಮ ಊರಿನಲ್ಲಿ ನಡುವಯಸ್ಸು ದಾಟಿದವರ ಮಾತು ಹೋಗುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ. ಹೋಗದೆ ಉಳಿದವರನ್ನು ನಾನು ನೋಡಿಲ್ಲ. ಮೊದಲು ಪದಗಳ ಕೊನೆಯ ಅಕ್ಷರ ಉದುರುತ್ತದೆ, ಆಮೇಲೆ ಪದವೇ ಅರ್ಧಕ್ಕೆ ನಿಲ್ಲುತ್ತದೆ, ಕೊನೆಗೊಂದು ಬೆಳಿಗ್ಗೆ ಬಾಯಿ ತೆರೆದರೆ ಬರೀ ಉಸಿರು. ಇದಕ್ಕಾಗಿ ಯಾರೂ ದವಾಖಾನೆಗೆ ಹೋಗುವುದಿಲ್ಲ. ಪುರಸಭೆಗೆ ಹೋಗಿ ಕೊರಳಿಗೆ ಹಾಕುವ ಸ್ಪೀಕರ್ ತರುತ್ತಾರೆ, ಅಲ್ಲಿಂದ ನೇರ ನನ್ನ ಅಂಗಡಿಗೆ ಬರುತ್ತಾರೆ. ನಾನು ಚನ್ನವೀರ, ದರ್ಜಿ. ಅಂಗಿಯ ಕಾಲರಿಗೋ ಕುಪ್ಪಸದ ಕೊರಳಿಗೋ ಆ ಸ್ಪೀಕರ್ ಕೂರುವಂಥ ಸಣ್ಣ ಜೇಬು ಹೊಲಿದುಕೊಡುತ್ತೇನೆ.

ಪುರಸಭೆಯವರು ಮನೆಗೊಂದು ಕಂಪ್ಯೂಟರ್ ಕೊಟ್ಟಿದ್ದಾರೆ. ಒಂದೇ, ಎರಡನೆಯದನ್ನು ಕೇಳಿದವರಿಗೆ ಸಿಕ್ಕಿದ್ದಿಲ್ಲ. ಲಿನಕ್ಸ್ ಮೇಲೆ ನಡೆಯುವ ಹಳೆಯ ಯಂತ್ರ. ಮಾತು ಹೋದವರು ಸೊಂಟಕ್ಕೆ ಕಟ್ಟಿದ ಕೀಲಿಮಣೆಯ ಮೇಲೆ ಬೆರಳಾಡಿಸುತ್ತಾರೆ, ಮನೆಯ ಯಂತ್ರ ಅದನ್ನು ದನಿ ಮಾಡುತ್ತದೆ, ಅವರು ಊರೊಳಗೆ ಎಲ್ಲಿದ್ದರೂ ಅದು ಅವರ ಕೊರಳಿನಲ್ಲಿ ಕೇಳುತ್ತದೆ. ಹಾಗೆ ಮಾತಾಡಿಸುವ ಸಾಫ್ಟ್‌ವೇರಿನಲ್ಲಿ ಇದ್ದದ್ದು ಎರಡೇ ದನಿ, ಗಂಡಸಿನದೊಂದು, ಹೆಂಗಸಿನದೊಂದು. ಊರಿನ ವಯಸ್ಸಾದ ಹೆಂಗಸರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಸಂತೆಯಲ್ಲಿ ಮಾರುವವಳದ್ದೂ ಅದೇ, ಕೊಳ್ಳುವವಳದ್ದೂ ಅದೇ. ಇಬ್ಬರು ಜಗಳಾಡಿದರೆ ಒಬ್ಬಳೇ ತನ್ನನ್ನು ತಾನು ಬೈದುಕೊಂಡಂತೆ ಕೇಳುತ್ತಿತ್ತು. ನಮಗೆ ರೂಢಿಯಾಗಿತ್ತು. ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆವು.

ನನ್ನ ಮಗಳು ಶೈಲಾ ಮುಖ ನೋಡಲಾರಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು; ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವಳು ಹುಟ್ಟುವ ಹೊತ್ತಿಗಾಗಲೇ ನನ್ನ ತಾಯಿ ಗೌರವ್ವನ ಮಾತು ಹೋಗಿತ್ತು. ಹಾಗಾಗಿ ಶೈಲಾ ತನ್ನ ಅಜ್ಜಿಯನ್ನು, ಅವಳ ಬಾಯಲ್ಲಿ ಆಯಿಯನ್ನು, ತಿಳಿದದ್ದೆಲ್ಲ ಆ ಊರದನಿಯಲ್ಲೇ. ಹಿಂದಿನ ವರ್ಷ ಸಂತೆಯಲ್ಲಿ ಅವಳ ಕೈ ತಪ್ಪಿತು. ಯಾರೋ ಒಬ್ಬ ಮುದುಕಿ ತನ್ನ ಮೊಮ್ಮಗನನ್ನು "ಬಾ ಕೂಸ, ಲಗೂನ ಬಾ" ಎಂದು ಕರೆಯುತ್ತ ಹೊರಟಿದ್ದಳಂತೆ. ಶೈಲಾ ಆ ದನಿಯ ಹಿಂದೆ ನಡೆದಳು. ಆ ಮುದುಕಿ ತಿರುಗಿ ನೋಡಲಿಲ್ಲ. ಮುಂದೆಲ್ಲೋ ದನಿ ನಿಂತುಹೋಯಿತು, ಇವಳು ನಿಲ್ಲಲಿಲ್ಲ. ನಮಗೆ ಸಿಕ್ಕಾಗ ಕೆರೆಯೊಳಗೆ ಎದೆಮಟ್ಟದ ನೀರಿನಲ್ಲಿ, ಒಂದು ಕೈಯಲ್ಲಿ ಜೊಂಡು ಹಿಡಿದು, "ಆಯಿ, ಆಯಿ" ಎಂದು ಕೂಗುತ್ತ ನಿಂತಿದ್ದಳು. ಅಂದಿನಿಂದ ಅವಳಿಗೆ ಒಂದು ಮಾತು ಕಲಿಸಿದೆವು. ಯಾರೇ ಆಗಲಿ, ತಾವು ಯಾರೆಂದು ಹೇಳದಿದ್ದರೆ ಹತ್ತಿರ ಹೋಗಬೇಡ. ಬಾಗಿಲು ಹಾಕಿಕೊಂಡು ಕೂರು. ನನ್ನ ಹೆಂಡತಿ ಕಸ್ತೂರಿ ಅದನ್ನು ದಿನಾ ಬಾಯಿಪಾಠ ಮಾಡಿಸುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಕಸ್ತೂರಿ ಅಂಗಳದಿಂದ ಮಗಳನ್ನು ಕೂಗಿದಳು. "ಶೈ—" ಎಂದಷ್ಟೇ ಬಂತು. ಮತ್ತೆ ಕೂಗಿದಳು. ಮತ್ತೆ ಅಷ್ಟೇ. ನಾನು ಕತ್ತರಿ ಕೆಳಗಿಟ್ಟೆ. ಕಸ್ತೂರಿ ನನ್ನ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಒಳಗಿರುವುದು ಅಷ್ಟಾದರೂ ಉಳಿಯಲಿ ಎನ್ನುವವಳ ಹಾಗೆ. ಒಳಗಿಂದ ಶೈಲಾ ನಗುತ್ತ ಬಂದಳು. "ಯಾಕವ್ವಾ, ನನ್ನ ಹೆಸರು ಅರ್ಧಕ್ಕ ನುಂಗಿದಿ?"

ಮರುದಿನವೇ ನಾನು ಭಂಡಾರಕ್ಕೆ ಹೋದೆ. ಊರಿನ ಯಂತ್ರಗಳಿಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಪರೀಕ್ಷಿಸಿ, ಮೊಹರು ಹಾಕಿ ಇಡುವ ಕಚೇರಿ ಅದು. ಅಲ್ಲಿ ಇಟ್ಟದ್ದು ಮನೆಯಲ್ಲಿ ಕೂತು ಒಂದು ಸಾಲಿನ ಕಮಾಂಡ್ ಕೊಟ್ಟರೆ ನಮ್ಮ ಯಂತ್ರಕ್ಕೆ ಇಳಿಯುತ್ತದೆ. ಅದರ ಹಿರಿಯ ಅಧಿಕಾರಿ ಸಿದ್ರಾಮಪ್ಪನವರು ಒಳ್ಳೆಯವರು. ಅವರ ಮಾತೂ ಹೋಗಿದೆ; ಊರಿನ ಗಂಡುದನಿಯಲ್ಲಿ ಮಾತಾಡುತ್ತಾರೆ.

"ಹೊಸಾ ಸಾಫ್ಟ್‌ವೇರ್ ಒಂದು ಐತಿ ಚನ್ನವೀರ," ಎಂದರು. "ಮಾತು ಹೋಗೂದರಾಗ ದನಿ ರೆಕಾರ್ಡ್ ಮಾಡಿ ಇಟ್ಟುಕೊಂಡ್ರ, ಅವರ ದನಿಯೊಳಗ ಅವರನ್ನ ಮಾತಾಡಸತೈತಿ. ಆದ್ರ ಭಂಡಾರದಾಗ ಇಲ್ಲ."

"ಯಾವಾಗ ಬರ್ತೈತ್ರಿ?"

"ಪರೀಕ್ಷೆ ಆಗಬೇಕು. ಯಂತ್ರದಾಗಿನ ಪ್ರೋಗ್ರಾಂ ಒಂದೊಂದೂ ಬ್ಯಾರೆ ಬ್ಯಾರೆ ಇಲ್ಲಪಾ, ಒಂದರ ಸಾಮಾನು ಇನ್ನೊಂದು ಬಳಸತೈತಿ. ಒಂದನ್ನ ಬದಲಿಸಿದ್ರ ಹತ್ತು ಅಳಗ್ಯಾಡತಾವ. ಹಿಂದ ಒಮ್ಮೆ ಅವಸರ ಮಾಡಿ ಒಂದನ್ನ ಬಿಟ್ಟಿವಿ. ಇಡೀ ಕುಂಬಾರ ಓಣಿ ಒಂದು ವಾರ ಮೂಕ ಆಗಿತ್ತು. ಬೆಂಕಿ ಹತ್ತಿದ ಮನ್ಯಾಗಿಂದ ಕೂಗಾಕ ಯಾರಿಗೂ ದನಿ ಇರಲಿಲ್ಲ." ಅವರು ಮೇಜಿನ ಮೇಲಿನ ಕಡತ ತಿರುವಿದರು. "ಮುಂದಿನ ಆವೃತ್ತಿಯೊಳಗ ಬರಬಹುದು. ಕಾಯಾಕ ಆಗತೈತೇನು?"

"ಆಕಿ ಮಾತು ಕಾಯೂದಿಲ್ರಿ," ಎಂದೆ.

ಅವರು ತಲೆ ಅಲ್ಲಾಡಿಸಿದರು. ಬೇರೆ ದಾರಿ ಹಿಡಿಯಬೇಡ ಎಂದು ಹೇಳಲಿಲ್ಲ. ಹಿಡಿದರೆ ಭಂಡಾರ ಹೊಣೆಯಲ್ಲ ಎಂದಷ್ಟೇ ಹೇಳಿದರು.

ಕಸ್ತೂರಿ ದನಿ ರೆಕಾರ್ಡ್ ಮಾಡಲು ಕೂತಳು. ಯಂತ್ರದ ಮುಂದೆ ಕೂತು ಬಾಯಿಗೆ ಬಂದದ್ದೆಲ್ಲ ಆಡುತ್ತಿದ್ದಳು. ಅಡುಗೆ ಮಾಡುವ ಬಗೆ, ತವರಿನ ಓಣಿಯವರ ಹೆಸರು, ಬೈಗುಳ, ಲಾಲಿ. ಕೊನೆಯ ಅಕ್ಷರ ಬಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳಿ, ಪೂರಾ ಬಂದದ್ದನ್ನು ಇಟ್ಟುಕೊಳ್ಳುತ್ತಿದ್ದಳು. ಶೈಲಾ ಅವಳ ಬೆನ್ನಿಗೆ ಕಿವಿ ಹಚ್ಚಿ ಕೂರುತ್ತಿದ್ದಳು. ನನ್ನ ತಾಯಿ ಸದ್ದಾಗದಂತೆ ಅಡುಗೆ ಮುಗಿಸಿ, ಒಲೆಯ ಮುಂದೆ ಕಾಲು ಚಾಚಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಸಂಕ್ರಮಣಕ್ಕೆ ಮೊದಲು ಕಸ್ತೂರಿಯ ಬಾಯಲ್ಲಿ ಉಸಿರು ಬಿಟ್ಟು ಏನೂ ಉಳಿಯಲಿಲ್ಲ.

ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಆ ಹೊಸ ಸಾಫ್ಟ್‌ವೇರ್ ಗಂಟಿನ ರೂಪದಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು. ಅಂಗಡಿಯಾತ ಪೆನ್‌ಡ್ರೈವ್ ತೋರಿಸಿ, "ಇದು ತನಗ ಬೇಕಾದ್ದೆಲ್ಲಾ ತಾನ ಕಟಗೊಂಡು ಬರ್ತೈತ್ರಿ," ಎಂದ. "ನಿಮ್ಮ ಯಂತ್ರದಾಗಿನ ಗುಂಡುಸೂಜಿನೂ ಮುಟ್ಟಂಗಿಲ್ಲ. ನಿಮ್ಮ ತಾಯಾರ ದನಿ ತನ್ನ ಪಾಡಿಗೆ ತಾನು, ಇದು ತನ್ನ ಪಾಡಿಗೆ ತಾನು. ಯಂತ್ರದಾಗ ಜಾಗಾ ಮಾತ್ರ ಬೇಕು."

ನನಗೆ ಅದೇ ಬೇಕಾಗಿತ್ತು. ತಂದು ಹಾಕಿದೆ. ಗಂಟು ಬಿಚ್ಚಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಸ್ಪೀಕರ್ ಮುಟ್ಟಲೇ ಎಂದು ಅನುಮತಿ ಕೇಳಿತು, ಕೊಟ್ಟೆ. ಕಸ್ತೂರಿ ಬೆರಳಾಡಿಸಿದಳು. ನಾವು ಕಾದೆವು. ಆಮೇಲೆ ಅವಳ ಕೊರಳಿನಿಂದ ಅವಳದೇ ದನಿ, ಸ್ವಲ್ಪ ಒಣಗಿದಂತೆ, "ಶೈಲಾ" ಎಂದಿತು. ಮಗಳು ಎದ್ದು ಓಡಿಬಂದು ಅವಳ ಕೊರಳನ್ನು ಎರಡೂ ಕೈಯಲ್ಲಿ ಹಿಡಿದಳು.

ಆದರೆ ನಮ್ಮ ಯಂತ್ರಕ್ಕೆ ಆ ಗಂಟು ಹೊರಲಾರದ ಭಾರ. ಕಸ್ತೂರಿ ಆಡಿದ ಮಾತು ಹೊರಗೆ ಬರುವಷ್ಟರಲ್ಲಿ ಮಾತಿನ ಹೊತ್ತೇ ಮೀರಿರುತ್ತಿತ್ತು. ಊಟಕ್ಕೆ ಕರೆದ ದನಿ ಕೈ ತೊಳೆಯುವಾಗ ಕೇಳುತ್ತಿತ್ತು. ಹೊಂದಿಕೊಂಡರಾಯಿತು ಎಂದು ನಾವೆಲ್ಲ ಅಂದುಕೊಂಡೆವು. ಒಂದು ಮಧ್ಯಾಹ್ನ ನಾನು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಹಲಗೆಯ ತುದಿಯಲ್ಲಿಟ್ಟು ಗಿರಾಕಿಯ ಹತ್ತಿರ ಮಾತಾಡುತ್ತಿದ್ದೆ. ಶೈಲಾ ಹಲಗೆ ತಡವುತ್ತ ಬಂದಳು. ಕಸ್ತೂರಿ ಬಾಗಿಲಲ್ಲಿದ್ದಳು, ಎರಡೂ ಕೈಯಲ್ಲಿ ನೀರಿನ ಕೊಡ. ಕೊಡ ಬಿಟ್ಟು ಬೆರಳಾಡಿಸಿದ್ದು ನನಗೆ ಕಂಡಿತು. ದನಿ ಬರಲಿಲ್ಲ. ಮಗಳ ಅಂಗೈ ಕಬ್ಬಿಣಕ್ಕೆ ಅಂಟಿ, ಅವಳು ಚೀರಿ, ನಾನು ಎತ್ತಿಕೊಂಡು ನೀರಿಗೆ ಕೈ ಅದ್ದಿಸಿದ ಮೇಲೆ, ಕಸ್ತೂರಿಯ ಕೊರಳು "ನಿಲ್ಲು, ಮುಟ್ಟಬ್ಯಾಡ" ಎಂದಿತು. ಅವಳು ಸ್ಪೀಕರನ್ನು ಕಿತ್ತು ನೆಲಕ್ಕೆ ಎಸೆದಳು.

ಆ ಗಂಟನ್ನು ತೆಗೆದುಹಾಕಿದೆ. ಉಳಿದದ್ದು ಖತೀಜಾಕ್ಕ. ಅವಳು ಹಿಂದೆ ಪುರಸಭೆಯಲ್ಲೇ ಯಂತ್ರಗಳ ಕೆಲಸದಲ್ಲಿದ್ದವಳು. ಸಾಫ್ಟ್‌ವೇರಿನ ಸೋರ್ಸ್, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನು ತಂದು, ಯಾವ ಯಂತ್ರಕ್ಕೆ ಬೇಕೋ ಆ ಯಂತ್ರದಲ್ಲೇ ಕೂತು ಕಟ್ಟಿಕೊಡುತ್ತಾಳೆ. ಮನೆಗೆ ಬಂದು, ನಮ್ಮ ಯಂತ್ರವನ್ನು ಬಹಳ ಹೊತ್ತು ನೋಡಿದಳು.

"ಕಟ್ಟಬಹುದು," ಎಂದಳು. "ಅಂಗಡಿದು ರೆಡಿಮೇಡ್ ಇತ್ತು, ಇದು ನಿಮ್ಮ ಯಂತ್ರದ ಅಳತಿಗೆ ಹೊಲದಂಗ. ದನಿ ತಡ ಆಗಂಗಿಲ್ಲ. ಒಬ್ಬರ ದನಿ ಇಡುವಷ್ಟ ಜಾಗಾ ಐತಿ, ಅದಕ್ಕ ಸಾಲತೈತಿ." ಆಮೇಲೆ ಅಡುಗೆಮನೆಯ ಕಡೆ ನೋಡಿದಳು. "ಒಂದು ತೊಡಕು ಐತಿ. ದನಿ ಹೊರಡಸೂ ಸರ್ವಿಸ್ ಯಂತ್ರದಾಗ ಒಂದ ಇರತೈತಿ. ಈ ಹೊಸಾದಕ್ಕ ಅದರ ಹೊಸಾ ಆವೃತ್ತಿ ಬೇಕು. ಅದನ್ನ ಹಾಕಿದ್ರ, ಗೌರಕ್ಕನ ಹಳೇ ಪ್ರೋಗ್ರಾಂ ನಡ್ಯಂಗಿಲ್ಲ. ನಾ ಎರಡು ಮೂರು ಕಡೆ ಪ್ರಯತ್ನ ಮಾಡೀನಿ. ಎರಡೂ ಕೂಡಿ ಬಾಳ್ವೆ ಮಾಡೂದಿಲ್ಲ."

"ಅವ್ವಗೂ ಹೊಸಾದ ಹಾಕಿದ್ರ?"

"ಹಾಕಬಹುದು. ಆದ್ರ ಇರೂದು ಒಂದ ದನಿ. ಗೌರಕ್ಕನೂ ಕಸ್ತೂರಿ ದನಿಯೊಳಗ ಮಾತಾಡಬೇಕಾಗತೈತಿ."

ನಾನು ಪಕ್ಕದ ಮನೆಯ ಯಂತ್ರಕ್ಕೆ ಅವ್ವನ ಸ್ಪೀಕರ್ ಜೋಡಿಸಲು ಆಗುತ್ತದೆಯೇ ಎಂದು ಕೇಳಿದೆ. ಪುರಸಭೆಯ ಯಂತ್ರ ಬೇರೆ ಮನೆಯವರ ಕೊರಳನ್ನು ಒಪ್ಪುವುದಿಲ್ಲ, ಹಾಗೆಯೇ ಮಾಡಿದ್ದಾರೆ ಎಂದಳು. ಆಗ ಅಡುಗೆಮನೆಯಿಂದ ನನ್ನ ತಾಯಿ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನಿಂತುಕೊಂಡೇ ಬೆರಳಾಡಿಸಿದಳು.

"ನನಗ ಆ ದನಿ ಬ್ಯಾಡ. ಒಂದ ದನಿ ಎರಡು ಕೊರಳಾಗ ಬಂದ್ರ ಕೂಸು ಮತ್ತ ಕೆರಿ ಕಡೆ ಹೋಗತೈತಿ. ಆಕಿದು ಆಕಿಗಷ್ಟ ಇರಲಿ. ನೀ ಕಟ್ಟು ಖತೀಜಾ."

ಕಸ್ತೂರಿ ಅತ್ತೆಯ ಕೈ ಹಿಡಿದುಕೊಂಡು ಬೇಡ ಎಂದು ತಲೆ ಅಲ್ಲಾಡಿಸಿದಳು. ಕಣ್ಣೀರು ಹರಿಯುತ್ತಿತ್ತು. ನನ್ನ ತಾಯಿ ಕೈ ಬಿಡಿಸಿಕೊಂಡು ಮತ್ತೆ ಬೆರಳಾಡಿಸಿದಳು. "ಅಳತೀ ಯಾಕ? ನಾ ಏನು ಸಾಯಾಕ ಹೊಂಟೇನೇನು? ಭಂಡಾರದಾಗ ಬರೂತನಕ ಸುಮ್ನಿರ್ತೀನಿ ಅಷ್ಟ. ಇಷ್ಟು ವರ್ಷ ಮಾತಾಡಿ ಯಾರನ್ನ ಉದ್ಧಾರ ಮಾಡೀನಿ."

ನಾನು ಬೇಡ ಎನ್ನಬಹುದಿತ್ತು. ಮೂಲೆಯಲ್ಲಿ ಶೈಲಾ ಪಟ್ಟಿ ಕಟ್ಟಿದ ಅಂಗೈಯನ್ನು ಊದಿಕೊಳ್ಳುತ್ತ ಕೂತಿದ್ದಳು. ನಾನು ಖತೀಜಾಕ್ಕನಿಗೆ ಹೂಂ ಎಂದೆ.

ಕಟ್ಟುವ ಮುನ್ನಾದಿನ ಸಂಜೆ ನನ್ನ ತಾಯಿ ಮೊಮ್ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಊರದನಿಯಲ್ಲಿ ಮಾತಾಡಿದಳು. ದೊಡ್ಡ ಮಾತೇನೂ ಇರಲಿಲ್ಲ. ರೊಟ್ಟಿ ಬೆಂದದ್ದು ವಾಸನೆಯಲ್ಲಿ ಹೇಗೆ ತಿಳಿಯುತ್ತದೆ, ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಯಾಕೆ ಹಚ್ಚಬಾರದು, ಇಂಥವು. ಕೊನೆಗೆ ತನ್ನ ಊರುಗೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿ, "ಹಿಂಗ ಕೇಳಿದ್ರ ನಾನು ಅಂತ ತಿಳಕೋ," ಎಂದಳು.

"ನೀ ಮಾತಾಡೂದಿಲ್ಲೇನು ಇನ್ನ?" ಎಂದು ಶೈಲಾ ಕೇಳಿದಳು.

"ಸ್ವಲ್ಪ ದಿನ."

"ನಾ ಏನರ ಕೇಳಿದ್ರ?"

"ಹೂಂ ಅನ್ನಾಕ ಕೈ ಹಿಡೀತೀನಿ. ಊಹೂಂ ಅನ್ನಾಕ ಮೂಗು ಹಿಂಡತೀನಿ," ಎಂದು ಹಿಂಡಿಯೂ ತೋರಿಸಿದಳು. ಶೈಲಾ ನಕ್ಕಳು.

ಖತೀಜಾಕ್ಕ ಬೆಳಿಗ್ಗೆ ಬಂದು ಕೂತಳು. ಪರದೆಯ ಮೇಲೆ ಸಾಲು ಸಾಲು ಅಕ್ಷರಗಳು ಇಳಿಯುತ್ತಲೇ ಇದ್ದವು. ನಡುವೆ ಎರಡು ಸಲ ನಿಂತಿತು, ಅವಳು ಏನೋ ಸರಿಮಾಡಿ ಮತ್ತೆ ಹೊರಡಿಸಿದಳು. ಸಂಜೆ ಹೊತ್ತಿಗೆ ಮುಗಿಯಿತು. ಕಸ್ತೂರಿ ಬೆರಳೆತ್ತುವ ಮೊದಲೇ ದನಿ ಬಂದಂತಿತ್ತು. "ಶೈಲಾ, ಬಾರವ್ವ ಇಲ್ಲಿ." ಒಣಗಿರಲಿಲ್ಲ, ತಡವಿರಲಿಲ್ಲ, ಅದು ಅವಳೇ. ಬಾಗಿಲ ಹತ್ತಿರ ನನ್ನ ತಾಯಿ ತನ್ನ ಕೀಲಿಮಣೆಯ ಮೇಲೆ ಏನೋ ಒತ್ತಿದಳು. ಕೊರಳಲ್ಲಿ ಒಂದು ಕರಕರ ಸದ್ದಾಯಿತು, ಆಮೇಲೆ ಅದೂ ಇಲ್ಲ. ಸ್ಪೀಕರ್ ತೆಗೆದು ನನ್ನ ಕೈಗೆ ಕೊಟ್ಟಳು. ಮರುದಿನ ತನ್ನ ಕುಪ್ಪಸದ ಕೊರಳಿನ ಜೇಬುಗಳನ್ನೆಲ್ಲ ಬಿಚ್ಚಿ ಕೊಡು ಎಂದು ಸನ್ನೆ ಮಾಡಿದಳು. ಚುಚ್ಚುತ್ತದಂತೆ. ನಾನು ಒಂದೊಂದೇ ಹೊಲಿಗೆ ಬಿಚ್ಚಿದೆ.

ಕೆಲವು ತಿಂಗಳು ನಮ್ಮ ಮನೆಯಲ್ಲಿ ಒಳ್ಳೆಯದೇ ನಡೆಯಿತು. ಶೈಲಾ ಸಂತೆಗೆ ಹೋಗತೊಡಗಿದಳು. ಅಷ್ಟು ಜನರ ಒಂದೇ ದನಿಯ ನಡುವೆ ತಾಯಿಯ ದನಿ ಹಿಡಿದು ನಡೆಯುತ್ತಿದ್ದಳು. ಓಣಿಯ ಹೆಂಗಸರು ಕಸ್ತೂರಿಯನ್ನು ಸುಮ್ಮಸುಮ್ಮನೆ ಮಾತಾಡಿಸಿ ಕೇಳುತ್ತಿದ್ದರು. ನನ್ನ ತಾಯಿ ಮೊದಮೊದಲು ಕೋಲು ಕುಟ್ಟುತ್ತ ಎಲ್ಲದರಲ್ಲೂ ಇದ್ದಳು, ಬರಬರುತ್ತ ಕಡಿಮೆಯಾದಳು. ನಾಲ್ಕು ಜನ ಕೂತಲ್ಲಿ ಹೇಳಬೇಕಾದದ್ದನ್ನು ಪಾಟಿಯ ಮೇಲೆ ಬರೆಯುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ಅರ್ಧ ಬರೆದದ್ದನ್ನು ಸೆರಗಿನಿಂದ ಒರೆಸಿ ಎದ್ದುಹೋಗುತ್ತಿದ್ದಳು. ಅವಳು ಮನೆಯಲ್ಲಿದ್ದಾಳೆ ಎಂಬುದನ್ನು ನಾವು ಒಮ್ಮೊಮ್ಮೆ ಮರೆಯುತ್ತಿದ್ದೆವು.

ಬೇಸಗೆಯ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ, ಕಸ್ತೂರಿ ನೂಲು ತರಲು ಪೇಟೆಗೆ ಹೋಗಿದ್ದಳು. ಮನೆಯಲ್ಲಿ ಶೈಲಾ, ನನ್ನ ತಾಯಿ. ತಾಯಿ ಬಚ್ಚಲಿಗೆ ಹೋದವಳು ಅಲ್ಲೇ ಬಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಹೋಗಿದ್ದವು ಎಂದು ಆಮೇಲೆ ಡಾಕ್ಟರು ಹೇಳಿದರು. ಕೋಲು ಉರುಳಿ ಮೋರಿಗೆ ಬಿದ್ದಿತ್ತು. ಅವಳು ಎಡಗೈಯಲ್ಲಿ ತನ್ನನ್ನು ಎಳೆದುಕೊಂಡು ಪಡಸಾಲೆಯ ಹೊಸ್ತಿಲವರೆಗೂ ಬಂದಿದ್ದಳು. ನೆಲದ ಮೇಲೆ ಒದ್ದೆಯ ಗುರುತು ಇತ್ತು.

ಶೈಲಾಳಿಗೆ ಅದೆಲ್ಲ ಕೇಳಿಸಿದೆ. ಏನೋ ಬಿದ್ದ ಸದ್ದು. ಆಮೇಲೆ ನೆಲಕ್ಕೆ ಏನೋ ಉಜ್ಜಿದ ಸದ್ದು, ದಪ್ಪ ಉಸಿರು. "ಯಾರು?" ಎಂದು ಕೇಳಿದ್ದಾಳೆ. "ಆಯಿ? ನೀನೇನು?" ಕೋಲಿನ ಸದ್ದು ಬರಲಿಲ್ಲ. ಉಸಿರು ಹತ್ತಿರ ಬಂತು. "ಯಾರಂತ ಹೇಳ್ರಿ," ಎಂದು ಕೂಗಿದ್ದಾಳೆ. ಹೇಳಲಿಲ್ಲ. ಆಗ ಅವಳು ನಾವು ಕಲಿಸಿದ್ದನ್ನೇ ಮಾಡಿದಳು. ಪಡಸಾಲೆಯ ಬಾಗಿಲು ಹಾಕಿ, ಅಗುಳಿ ಜಡಿದು, ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಳು. ಕಸ್ತೂರಿ ಪೇಟೆಯಿಂದ ಮರಳಿ ಹಿತ್ತಲಿನಿಂದ ಬಂದು ನೋಡಿದಾಗ ನನ್ನ ತಾಯಿಯ ಎಡಗೈ ಆ ಬಾಗಿಲಿನ ಮೇಲೆ ಇತ್ತು. ಇನ್ನೂ ಬೆಚ್ಚಗಿತ್ತು.

ಮಣ್ಣು ಮಾಡಿ ಬಂದೆವು. ಬಂದವರು ಬಂದು ಹೋದರು. ಖತೀಜಾಕ್ಕ ಬಂದು ಅಂಗಳದಲ್ಲೇ ಕೂತಳು, ಒಳಗೆ ಬರಲಿಲ್ಲ. ಕಸ್ತೂರಿಯೇ ಹೋಗಿ ಅವಳ ಕೈಗೆ ನೀರಿನ ಚೊಂಬು ಕೊಟ್ಟು, "ಒಳಗ ಬಾ ಅಕ್ಕಾ," ಎಂದಳು. ಆಮೇಲೆ ಒಂದು ಸಂಜೆ, ನಾವು ಮೂವರೇ ಇದ್ದಾಗ, ಶೈಲಾ ಕೇಳಿದಳು.

"ಅವ್ವಾ, ಅವತ್ತ ಬಾಗಲಾ ಕಡೆ ಬಂದದ್ದು ಆಯಿನೇನು?"

ಕಸ್ತೂರಿ ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆ ಆಡಿಸಿದೆ. ಬೆಕ್ಕು ಅನ್ನು, ನಾಯಿ ಅನ್ನು, ಆಯಿ ಬಚ್ಚಲಲ್ಲೇ ತೀರಿಹೋದಳು ಅನ್ನು, ಎಲ್ಲವನ್ನೂ ಆ ಒಂದು ತಲೆಯಾಡಿಸುವುದರಲ್ಲಿ ಹೇಳಲು ನೋಡಿದೆ. ಅವಳು ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅಷ್ಟು ದೊಡ್ಡ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿದ್ದವು. ಒಂದು ಕೈಯಿಂದ ತಬ್ಬಿ, ಇನ್ನೊಂದು ಕೈಯಲ್ಲಿ ಬೆರಳಾಡಿಸಿದಳು.

"ಹೌದವ್ವ. ಆಯಿನ ಇದ್ಲು," ಎಂದಿತು ಅವಳ ದನಿ. "ಬಿದ್ದಿದ್ಲು. ಎದ್ದು ಬರಾಕ ಆಗಲಿಲ್ಲ. ನಿನ್ನ ಕಡೆ ಬರಾಕತ್ತಿದ್ಲು."

"ನಾ ಬಾಗಲಾ ಹಾಕಿದೆ."

"ನಾವ ಹೇಳಿದ್ವಿ ನಿನಗ ಹಾಕು ಅಂತ. ನಾ ಹೇಳಿದ್ದೆ. ದಿನಾ ಹೇಳಿದ್ದೆ."

ಶೈಲಾ ಅಳಲಿಲ್ಲ. ತಾಯಿಯ ಕೊರಳ ಮೇಲೆ ಕೈ ಇಟ್ಟುಕೊಂಡು, "ಆಕಿ ಸಿಟ್ಟಾಗಿರತಾಳ?" ಎಂದಳು.

ಕಸ್ತೂರಿ ಕೀಲಿಮಣೆಗೆ ಬೆರಳು ತಂದಳು. ಏನೋ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. "ನನಗ ಗೊತ್ತಿಲ್ಲ," ಎಂದಿತು ದನಿ. ನಾನು ಎದ್ದುಹೋಗಿ ದೀಪ ಹಚ್ಚಿದೆ.

ಮಳೆಗಾಲದ ಹೊತ್ತಿಗೆ ಸಿದ್ರಾಮಪ್ಪನವರು ಅಂಗಡಿಗೆ ಬಂದರು. ಹೊಸ ಸಾಫ್ಟ್‌ವೇರಿನ ಪರೀಕ್ಷೆ ಮುಗಿದಿತ್ತು. ಭಂಡಾರದಲ್ಲಿ ಇಟ್ಟಿದ್ದಾರೆ, ಒಂದು ಸಾಲಿನ ಕಮಾಂಡ್ ಸಾಕು. ಹಳೆಯ ದನಿ, ಹೊಸ ದನಿ ಎರಡೂ ಒಂದೇ ಯಂತ್ರದಲ್ಲಿ ನಡೆಯುವಂತೆ ಮಾಡಿದ್ದಾರೆ. "ನಿನ್ನ ತಾಯಿ ಸುದ್ದಿ ಕೇಳಿದೆ," ಎಂದರು. ನಾನು ಅವರ ಹೊಸ ಅಂಗಿಗೆ ಜೇಬು ಹೊಲಿದುಕೊಟ್ಟೆ. ಊರಿನಲ್ಲಿ ಈಗ ಬಹಳ ಮನೆಗಳಲ್ಲಿ ಬೇರೆ ಬೇರೆ ದನಿ ಕೇಳುತ್ತದೆ. ನಮ್ಮ ಯಂತ್ರದಲ್ಲಿ ಖತೀಜಾಕ್ಕ ಕಟ್ಟಿದ್ದೇ ನಡೆಯುತ್ತಿದೆ. ಅದನ್ನು ತೆಗೆದು ಭಂಡಾರದ್ದನ್ನು ಹಾಕಬಹುದು, ಹಾಕಿದರೆ ಮುಂದಕ್ಕೆ ತೊಂದರೆ ಇರುವುದಿಲ್ಲ. ಹಾಕೋಣವೇ ಎಂದು ಕಸ್ತೂರಿಯನ್ನು ಕೇಳಿದ್ದೆ. "ಯಾರಿಗಾಗಿ?" ಎಂದಳು.

ಶೈಲಾ ಈಗ ಯಾರು ಎಂದು ಕೇಳುವುದಿಲ್ಲ. ಸದ್ದು ಕೇಳಿದ ಕಡೆ ಎದ್ದು ನಡೆಯುತ್ತಾಳೆ. ಓಣಿಯಲ್ಲಿ ಏನಾದರೂ ಬಿದ್ದರೆ, ಯಾರಾದರೂ ಕೆಮ್ಮಿದರೆ, ಪಕ್ಕದ ಮನೆಯ ಹಿತ್ತಲಲ್ಲಿ ಕರು ಕಾಲು ಕೆರೆದರೆ, ಎರಡೂ ಕೈ ಮುಂದೆ ಚಾಚಿ, ಕೆಳಕ್ಕೆ ಬಾಗಿ, ನೆಲದ ಹತ್ತಿರ ತಡವುತ್ತ ಹೋಗುತ್ತಾಳೆ. ಎಷ್ಟೋ ಸಲ ಕಲ್ಲಿಗೆ, ಮುಳ್ಳಿಗೆ ಕೈ ಹಚ್ಚಿಕೊಂಡು ಬಂದಿದ್ದಾಳೆ. ಒಮ್ಮೆ ನಾಯಿ ಕಚ್ಚಿತು. ಹೋಗಬೇಡ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಅವಳು ಎದ್ದರೆ ನಾನೋ ಕಸ್ತೂರಿಯೋ ಎದ್ದು ಅವಳ ಹಿಂದೆ ನಡೆಯುತ್ತೇವೆ.